ಎಡಗಡೆಯ ಕುರ್ಚಿ

ಜನವರಿ ೧೯

ಪ್ರೀತಿಯ ಅಣ್ಣ,

ನಿನ್ನೆ ಅಮ್ಮನ ಹಾಡು ಕೇಳಿ ಬಂದೆ. ಕ್ಯಾಸೆಟ್ಟಿನಲ್ಲಲ್ಲ, ರೇಡಿಯೋದಲ್ಲೂ ಅಲ್ಲ. ವೇದಿಕೆಯ ಮೇಲೆ, ಐದು ಜನ ನಿಂತು ನುಡಿಸಿದರು. ಕಾಗದವನ್ನು ಇಲ್ಲಿಗೇ ಮಡಚಿ ಇಡಬೇಡ, ಪೂರ್ತಿ ಓದು.

ನಮ್ಮ ಪ್ರೆಸ್ಸಿನ ಮೆಟ್ಟಿಲ ಗೋಡೆಗೆ ಯಾರೋ ಪೋಸ್ಟರ್ ಅಂಟಿಸಿದ್ದರು. ಅಮ್ಮನ ಬ್ಯಾಂಡಿನ ಹೆಸರು ದೊಡ್ಡದಾಗಿ, ಅದರ ಕೆಳಗೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ‘ಟ್ರಿಬ್ಯೂಟ್ ಬ್ಯಾಂಡ್’ ಎಂದು. ತೀರಿಕೊಂಡವರ, ಚದುರಿಹೋದವರ ಹಾಡುಗಳನ್ನು ಇದ್ದದ್ದು ಇದ್ದ ಹಾಗೆ ನುಡಿಸುವವರಂತೆ. ಪ್ರೂಫ್ ನೋಡಿ ನೋಡಿ ಕೆಟ್ಟ ಕಣ್ಣು ನನ್ನದು, ಚಿಕ್ಕ ಅಕ್ಷರವೇ ಮೊದಲು ಕಂಡಿತು. ನನ್ನೆದುರು ಕೂತು ಕರಡು ತಿದ್ದುವ ಮೇಷ್ಟ್ರಿಗೆ ತಲೆನೋವೆಂದು ಹೇಳಿ ಸಂಜೆ ಬೇಗ ಎದ್ದೆ.

ಹೋದದ್ದು ನಗುವುದಕ್ಕೆ. ಯಾವಳೋ ಒಬ್ಬಳು ಅಮ್ಮನ ಹಾಗೆ ಕೂದಲು ಕತ್ತರಿಸಿಕೊಂಡು ಬಂದು ಮೂಗಿನಲ್ಲಿ ಹಾಡುತ್ತಾಳೆ, ಎರಡು ಹಾಡು ಕೇಳಿ ಎದ್ದು ಬಂದು ನಿನಗೆ ಬರೆದರಾಯಿತು ಎಂದುಕೊಂಡಿದ್ದೆ. ಮೊದಲ ಸಾಲಿಗೇ ನನ್ನ ನಗು ಅಡಗಿತು. ಅವರು ಅಷ್ಟು ಚೆನ್ನಾಗಿ ನುಡಿಸುತ್ತಾರೆ. ದೋಣಿ ಹಾಡಿನ ಎರಡನೇ ಚರಣಕ್ಕೆ ಮುಂಚೆ ಅಮ್ಮನ ಡ್ರಮ್ಮಿನವನು ಒಂದು ಪೆಟ್ಟು ತಡವಾಗಿ ಬರುತ್ತಿದ್ದನಲ್ಲ, ಅದಕ್ಕೇ ಅಪ್ಪ ವ್ಯಾನ್ ಓಡಿಸುತ್ತ ದಾರಿಯುದ್ದಕ್ಕೂ ಅವನನ್ನು ಬೈಯುತ್ತಿದ್ದರಲ್ಲ, ಇವನೂ ಅಲ್ಲೇ, ಅಷ್ಟೇ ತಡವಾಗಿ ಬಂದ. ಹಾಡುವವಳು ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಅಮ್ಮನ ಹಾಗೇ ಒಂದು ಸಣ್ಣ ಉಸಿರು ನುಂಗಿದಳು. ಆ ಉಸಿರು ರೆಕಾರ್ಡಿನಲ್ಲಿ ಕೇಳುವುದೇ ಇಲ್ಲ. ಅದನ್ನು ಎಲ್ಲಿ ಹಿಡಿದಳೋ.

ಮೊದಲರ್ಧ ಹಳೆಯ ವರ್ಷಗಳ ಹಾಡು. ಅಮ್ಮ ಆಗ ನಿಲ್ಲುತ್ತಿದ್ದ ಹಾಗೆ ಅವಳೂ ಮೈಕಿನ ಮುಂದೆ ಕದಲದೆ ನಿಂತಿದ್ದಳು. ವಿರಾಮ ಕಳೆದು ಕೊನೆಯ ವರ್ಷಗಳ ಹಾಡು ಶುರುವಾಯಿತು. ಮೊದಲ ಪಲ್ಲವಿಗೇ ಅವಳ ಎಡಭುಜ ಮೇಲೆದ್ದಿತು, ಮೊಣಕೈ ಪಕ್ಕಕ್ಕೆ ಹಾರಿತು, ಬೆರಳುಗಳು ಬಿಚ್ಚಿಕೊಂಡವು.

ಸಭಾಂಗಣ ಹೋ ಎಂದಿತು. ನನ್ನ ಪಕ್ಕದ ಹೆಂಗಸು ‘ರೆಕ್ಕೆ, ರೆಕ್ಕೆ’ ಎನ್ನುತ್ತ ಗಂಡನ ತೊಡೆಗೆ ಬಡಿದಳು. ಪತ್ರಿಕೆಯವರು ಇಟ್ಟ ಆ ಹೆಸರನ್ನು ಜನ ಇನ್ನೂ ಮರೆತಿಲ್ಲ. ಮತ್ತೆ ಪಲ್ಲವಿ ಬಂದಾಗ ಎಲ್ಲರೂ ಎದ್ದು ನಿಂತು ಎಡಭುಜ ಎತ್ತಿದರು. ಮುದುಕರು, ಕಾಲೇಜಿನವರು, ತಂದೆಯ ಹೆಗಲ ಮೇಲೆ ಕೂತ ಒಂದು ಮಗು. ಅಷ್ಟು ಜನವೂ ಒಂದೇ ಸಲ ಅಮ್ಮನ ಕಾಯಿಲೆ ಮಾಡಿದರು.

ಅವರಿಗೇನು ಗೊತ್ತು. ಕಾಯಿಲೆಗೆ ಹೆಸರು ಸಿಕ್ಕಿದ್ದು ಬ್ಯಾಂಡ್ ಮುಚ್ಚಿದ ಮೇಲೆ. ಅಪ್ಪ ಯಾರಿಗೂ ಹೇಳಗೊಡಲಿಲ್ಲ, ಆಮೇಲೆ ಅವರೇ ಉಳಿಯಲಿಲ್ಲ. ‘ಆ ರೆಕ್ಕೆ ಎಲ್ಲಿಂದ ಬಂತು?’ ಎಂದು ರೇಡಿಯೋದವರು ಕೇಳಿದ್ದಕ್ಕೆ ಅಮ್ಮ, ‘ನಾನು ಮಾಡೋದಲ್ಲ, ಅದೇ ಹಾರುತ್ತೆ’ ಎಂದಿದ್ದಳು. ಜನ ಅದನ್ನು ಕವಿತೆ ಎಂದುಕೊಂಡರು.

ನಾನೂ ಎದ್ದು ನಿಂತೆ, ಕೂತರೆ ಏನೂ ಕಾಣುತ್ತಿರಲಿಲ್ಲ. ಭುಜ ಎತ್ತಲಿಲ್ಲ. ಹೊರಗೆ ಬಂದು ನೋಡಿಕೊಂಡರೆ ನನ್ನ ಬಲಗೈ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಬೆರಳಿನ ಗುರುತು ಇನ್ನೂ ಇದೆ.

ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಮಾಡಿದೆ, ನೀನು ಎತ್ತಲಿಲ್ಲ.

ನಿನ್ನ,
ಮೂಗಿ


ಫೆಬ್ರವರಿ ೨

ಮೂಗೀ,

ಎದುರಿಗೆ ಕೂತರೆ ಉಪ್ಪು ಕೊಡು ಎನ್ನಲೂ ಬಾಯಿ ಬಿಡದವಳು, ಕಾಗದದಲ್ಲಿ ಮಾತ್ರ ಕಟ್ಟೆ ಒಡೆದ ಹಾಗೆ ಹರಿಯುತ್ತೀ. ಅದಕ್ಕೇ ಹೇಳುವುದು, ನಮಗೆ ಫೋನು ಬೇಡ. ಕ್ರೇನಿನ ಕ್ಯಾಬಿನ್ನಿನಲ್ಲಿ ಫೋನ್ ಮುಟ್ಟಕೂಡದು, ಕೆಳಗಿಳಿದರೆ ಕಾಂಕ್ರೀಟ್ ಮಿಕ್ಸರಿನ ಸದ್ದು, ಕೋಣೆಗೆ ಬಂದರೆ ಜೊತೆಯಲ್ಲಿರುವ ವೆಲ್ಡರಿನ ಗೊರಕೆ. ಅವನ ಗೊರಕೆ ಕೇಳಿದರೆ ನಿನ್ನ ಆ ಡ್ರಮ್ಮಿನವನು ಕೆಲಸ ಬಿಟ್ಟು ಓಡಿಹೋಗುತ್ತಾನೆ.

ಸತ್ತವರ ಹಾಗೆ ಹಾಡಿ ಹೊಟ್ಟೆ ಹೊರೆಯುವವರಿದ್ದಾರೆ ಅಂದರೆ ಇರಲಿ ಬಿಡು. ಅವರು ಅದನ್ನು ರೆಕ್ಕೆ ಅನ್ನಲಿ, ಬಾಲ ಅನ್ನಲಿ, ನಮಗೇನಾಗಬೇಕು? ನೀನು ಮಾತ್ರ ಮತ್ತೆ ಹೋಗಬೇಡ. ಹೋದರೆ ನಿದ್ದೆ ಕೆಡಿಸಿಕೊಳ್ಳುತ್ತೀ, ನಿದ್ದೆ ಕೆಟ್ಟರೆ ಪಠ್ಯಪುಸ್ತಕದ ಕರಡಿನಲ್ಲಿ ತಪ್ಪು ಬಿಡುತ್ತೀ, ಮಕ್ಕಳೆಲ್ಲ ತಪ್ಪು ಪಾಠ ಓದುತ್ತಾರೆ.

ಇಲ್ಲಿ ನಮ್ಮ ಕಟ್ಟಡ ಹದಿನೆಂಟನೇ ಅಂತಸ್ತಿಗೆ ಬಂತು. ಮೇಲೆ ಕೂತರೆ ಬಂದರಿನ ಹಡಗುಗಳೆಲ್ಲ ಬೆಂಕಿಪೊಟ್ಟಣದ ಹಾಗೆ ಕಾಣುತ್ತವೆ. ಎಡಗೈಯ ಲಿವರ್ ಕ್ರೇನಿನ ತೋಳನ್ನು ತಿರುಗಿಸುತ್ತದೆ, ಬಲಗೈಯದು ಕೊಕ್ಕೆಯನ್ನು ಏರಿಸಿ ಇಳಿಸುತ್ತದೆ. ಎರಡು ಬೆರಳು ಸಾಕು. ಹೋದ ವಾರ ಒಂದು ತಮಾಷೆ ಆಯಿತು. ಸರಳಿನ ಕಟ್ಟೊಂದನ್ನು ಎತ್ತಿ ತರುತ್ತಿದ್ದೆ, ಎಲ್ಲಿಂದಲೋ ಒಂದು ಗಾಳಿ ಬೀಸಿ ತೋಳು ತಿರುಗಿ ಕಟ್ಟು ಹೋಗಿ ಟೀ ಕುಡಿಯುತ್ತಿದ್ದವರ ತಲೆಯ ಮೇಲೆ ತೂಗಾಡಿತು. ಲೋಟ ಬಿಟ್ಟು ಓಡಿದ್ದೇ ಓಡಿದ್ದು. ಸೂಪರ್‌ವೈಸರ್ ಒಂದು ಬೂಟು ಬಿಟ್ಟು ಓಡಿದ. ಯಾರಿಗೂ ಏನೂ ಆಗಲಿಲ್ಲ.

ಮಣಿಕಟ್ಟು ಹಿಡಿದುಕೊಂಡಿದ್ದೆ ಅಂತ ಬರೆದಿದ್ದೀಯಲ್ಲ, ಅದು ನನ್ನ ತಪ್ಪು. ಊಟಕ್ಕೆ ಕೂತಾಗ ನಿನ್ನನ್ನು ಅಮ್ಮನ ಎಡಗಡೆಯ ಕುರ್ಚಿಯಲ್ಲಿ ಕೂರಿಸಿದವನು ನಾನೇ. ಅವಳ ಕೈ ಹಾರಿ ಲೋಟ ಬೀಳಿಸದ ಹಾಗೆ, ನಿನ್ನ ಪುಟ್ಟ ಕೈಯಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡು ಬಲಗೈಯಲ್ಲಿ ನೀನು ಉಣ್ಣುತ್ತಿದ್ದೆ. ಅದನ್ನೆಲ್ಲ ಮರೆಯಬೇಕು.

ನಾವು ಕೊಟ್ಟುಕೊಂಡ ಮಾತು ನೆನಪಿದೆಯಲ್ಲ? ಇದು ತಾಯಿಯಿಂದ ಮಕ್ಕಳಿಗೆ ಬರುವುದು ಅರ್ಧಕ್ಕರ್ಧ ಎಂದು ಡಾಕ್ಟರು ಹೇಳಿದಾಗ ನೀನು, ‘ಹಾಗಾದರೆ ನಮ್ಮಿಬ್ಬರಲ್ಲಿ ಒಬ್ಬರಿಗಾ?’ ಎಂದು ಕೇಳಿದೆ. ಲೆಕ್ಕ ಹಾಗಲ್ಲಮ್ಮ, ಇಬ್ಬರಿಗೂ ಬರಬಹುದು, ಇಬ್ಬರಿಗೂ ಬರದೆಯೂ ಇರಬಹುದು ಎಂದರು. ಅವತ್ತೇ ತಾನೇ ಮಾತಾಡಿಕೊಂಡದ್ದು? ರಕ್ತಪರೀಕ್ಷೆ ಮಾಡಿಸುವುದಿಲ್ಲ. ಒಬ್ಬರ ಕೈಯನ್ನು ಒಬ್ಬರು ನೋಡುವುದಿಲ್ಲ.

ಚೆನ್ನಾಗಿ ಉಣ್ಣು. ಮೇಷ್ಟ್ರ ತಲೆ ತಿನ್ನಬೇಡ.

ಅಣ್ಣ


ಫೆಬ್ರವರಿ ೧೫

ಪ್ರೀತಿಯ ಅಣ್ಣ,

ನಿನ್ನ ಮಾತು ಮೀರಿ ಮತ್ತೆ ಹೋದೆ. ಭಾನುವಾರ ಮಧ್ಯಾಹ್ನದ ಪ್ರದರ್ಶನ. ಮುಗಿದ ಮೇಲೆ ಹಿಂಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದೆ. ಹಾಡುವವಳು ವೈರಿನ ಸುರುಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಬಂದವಳು ನನ್ನನ್ನು ನೋಡಿ, ಆಟೋಗ್ರಾಫಾ ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿರಲಿಲ್ಲ. ಪೆನ್ನು ತೆಗೆದು ಕೊಟ್ಟದ್ದು ನಾನೇ, ಕಾಗದ ಮಾತ್ರ ಇರಲಿಲ್ಲ. ಅವಳು ನಗುತ್ತ, ನಾಳೆ ಊಟದ ಹೊತ್ತಿಗೆ ತನ್ನ ಕೆಲಸದ ಜಾಗಕ್ಕೆ ಬರಲು ಹೇಳಿದಳು.

ಅವಳ ಕೆಲಸ ಏನು ಗೊತ್ತೇ? ಹಲ್ಲಿನ ಲ್ಯಾಬಿನಲ್ಲಿ ಅಚ್ಚು ಮಾಡುವುದು. ಡಾಕ್ಟರುಗಳು ಜನರ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಇವಳು ಗಾರೆ ಕಲಸಿ ಎರೆದು ಅವರವರ ದವಡೆ ಮಾಡುತ್ತಾಳೆ. ಕಪಾಟಿನ ತುಂಬ ಬಾಯಿಗಳಿಲ್ಲದ ಹಲ್ಲುಗಳು. ಒಂದನ್ನು ಕೈಗೆ ಕೊಟ್ಟು ತೋರಿಸಿದಳು. ಮುಂದಿನ ಹಲ್ಲಿನಲ್ಲಿದ್ದ ಸಣ್ಣ ಬಿರುಕನ್ನೂ ಬಿಟ್ಟಿರಲಿಲ್ಲ. ‘ಆ ಬಿರುಕನ್ನ ಕೈಬಿಟ್ಟರೆ ಅದು ಅವರ ಹಲ್ಲಾಗಲ್ಲ, ನನ್ನ ಹಲ್ಲಾಗುತ್ತೆ’ ಎಂದಳು.

ಅಮ್ಮನ ವಿಡಿಯೋಗಳನ್ನು ವರ್ಷವಾರು ಜೋಡಿಸಿಟ್ಟುಕೊಂಡಿದ್ದಾಳೆ. ನೀನೂ ನಾನೂ ನೋಡದ ಎಷ್ಟೋ ಇವೆ. ಒಂದೊಂದು ಹಾಡನ್ನೂ ನಿಲ್ಲಿಸಿ ನಿಲ್ಲಿಸಿ, ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಾಳಂತೆ. ನಾನು ಯಾರೆಂದು ಹೇಳಲಿಲ್ಲ. ಅಭಿಮಾನಿಯಾ ಎಂದಳು, ಹೂಂ ಎಂದೆ. ಅದೇನು ಸುಳ್ಳಲ್ಲ.

ರೆಕ್ಕೆ ಕಲಿಯಬೇಕಾ ಎಂದು ಅವಳೇ ಕೇಳಿ, ನಾನು ಬೇಡವೆನ್ನುವುದರೊಳಗೆ ನನ್ನ ಹಿಂದೆ ಬಂದು ನಿಂತು ಎಡಭುಜ ಹಿಡಿದಳು. ಭುಜ ಮೊದಲು, ಮೊಣಕೈ ಆಮೇಲೆ, ಬೆರಳು ಕೊನೆಗೆ. ‘ಗಟ್ಟಿ ಮಾಡ್ಕೋಬೇಡಿ. ಯಾರೋ ದಾರ ಕಟ್ಟಿ ಎಳೆದ ಹಾಗೆ ಬಿಟ್ಟುಬಿಡಿ’ ಎಂದಳು. ಅವಳ ಕೈಗೆ ಗಾರೆಯ ಪುಡಿ ಮೆತ್ತಿತ್ತು, ನನ್ನ ಕುಪ್ಪಸದ ಮೇಲೆ ಐದು ಬೆರಳೂ ಮೂಡಿದವು.

ಆಮೇಲೆ ಒಂದು ಹಳೆಯ ವಿಡಿಯೋ ಹಾಕಿದಳು. ಅದರಲ್ಲಿ ಭುಜ ಏಳುವುದಿಲ್ಲ, ಅಮ್ಮ ನೆಟ್ಟಗೆ ನಿಂತಿದ್ದಾಳೆ. ಹಾಡು ಮುಗಿದಿದೆ, ಗಿಟಾರಿನವನು ತಂತಿ ಬಿಗಿ ಮಾಡುತ್ತಿದ್ದಾನೆ. ‘ಎಲ್ಲರೂ ರೆಕ್ಕೆ ಭುಜದಿಂದ ಶುರುವಾಯ್ತು ಅಂತಾರೆ. ತಪ್ಪು. ಕೈ ನೋಡಿ ಈಗ’ ಎಂದಳು. ಅಮ್ಮನ ಎಡಗೈಯ ಕಿರುಬೆರಳು, ಅದರ ಪಕ್ಕದ ಬೆರಳು, ಎರಡೇ ಎರಡು, ತೊಡೆಯ ಮೇಲೆ ಟಕ್ ಟಕ್ ಎಂದು ಬಡಿಯುತ್ತಿದ್ದವು. ಆಗ ಅಮ್ಮನಿಗೆ ಮೂವತ್ತಮೂರು. ಮುಖದಲ್ಲಿ ಏನೂ ಇಲ್ಲ, ಪ್ರೇಕ್ಷಕರನ್ನು ನೋಡಿ ನಗುತ್ತಿದ್ದಾಳೆ.

ಈ ಹಲ್ಲಿನವಳ ಕಣ್ಣಿಗೆ ಒಂದು ನಮಸ್ಕಾರ.

ಅಂದ ಹಾಗೆ, ಹೋದ ಸಲ ನೀನು ಬಂದಾಗ ಊಟವಾದ ಮೇಲೆ ನನ್ನ ಜೊತೆ ಮಾತಾಡುತ್ತ ಕೂತು ತೊಡೆಯ ಮೇಲೆ ಬೆರಳಾಡಿಸುತ್ತಿದ್ದೆ. ಯಾವ ಹಾಡು ಅದು?

ನಿನ್ನ,
ಮೂಗಿ


ಮಾರ್ಚ್ ೧

ಮೂಗಿಗೆ,

ದೋಣಿ ಹಾಡು. ಸಮಾಧಾನವಾಯಿತಾ?

ಒಬ್ಬರ ಕೈಯನ್ನು ಒಬ್ಬರು ನೋಡುವುದಿಲ್ಲ ಅಂತ ಮಾತಾಗಿತ್ತು. ನಾನು ನಿನ್ನ ಕೈ ನೋಡಲಿಲ್ಲ. ನೀನು ಲೋಟ ತೊಳೆಯುವಾಗ ಬೇಕೆಂದೇ ಆ ಕಡೆ ತಿರುಗಿ ಕೂರುತ್ತಿದ್ದೆ. ನೀನು ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕಣ್ಣು ಬಿಟ್ಟುಕೊಂಡಿದ್ದೆ ಅಂತ ಈಗ ಗೊತ್ತಾಯಿತು.

ಕೆಲಸ ಜಾಸ್ತಿ ಇದೆ. ಉತ್ತರ ತಡವಾದರೆ ಕಾಯಬೇಡ.

ಅಣ್ಣ


ಮಾರ್ಚ್ ೮

ಅಣ್ಣ,

ಈ ಕಾಗದವನ್ನು ನಾಲ್ಕು ಸಲ ಹರಿದು ಹಾಕಿದ್ದೇನೆ. ಪ್ರೆಸ್ಸಿನಲ್ಲಿ ನನ್ನ ಕೆಲಸ ಬರೆದದ್ದನ್ನು ಗಟ್ಟಿಯಾಗಿ ಓದುವುದು, ಮೇಷ್ಟ್ರು ಅಚ್ಚಾದದ್ದರ ಜೊತೆ ಹೋಲಿಸಿ ನೋಡುತ್ತಾರೆ. ಇಡೀ ದಿನ ಬಾಯಿ ತುಂಬ ಮಾತು, ಅದರಲ್ಲಿ ಒಂದೂ ನನ್ನದಲ್ಲ. ಇವತ್ತು ನನ್ನದನ್ನೇ ಓದಿಬಿಡುತ್ತೇನೆ.

ಅದು ದೋಣಿ ಹಾಡಲ್ಲ. ದೋಣಿ ಹಾಡಿನ ತಾಳ ನಿನಗೆ ನಿದ್ದೆಯಲ್ಲೂ ತಪ್ಪುವುದಿಲ್ಲ, ಏಳು ವರ್ಷದವನಿದ್ದಾಗಲೇ ವ್ಯಾನಿನ ಹಿಂದಿನ ಸೀಟಿನಲ್ಲಿ ಅದನ್ನು ಬಡಿಯುತ್ತಿದ್ದವನು ನೀನು. ಅವತ್ತು ನಿನ್ನ ಬೆರಳು ಬಡಿಯುತ್ತಿದ್ದುದಕ್ಕೆ ತಾಳವೇ ಇರಲಿಲ್ಲ. ಹೋದ ಕಾಗದದಲ್ಲಿ ಒಂದು ಮಾತು ಬಚ್ಚಿಟ್ಟೆ. ಆ ವಿಡಿಯೋದ ಬೆರಳುಗಳನ್ನು ಹಲ್ಲಿನವಳು ಮೊದಲು ತಾಳವೆಂದೇ ತಿಳಿದಿದ್ದಳಂತೆ. ಅಮ್ಮನ ಅಷ್ಟೂ ಹಾಡುಗಳಿಗೆ ಹೊಂದಿಸಿ ನೋಡಿದರೂ ಯಾವುದಕ್ಕೂ ಕೂರಲಿಲ್ಲವಂತೆ.

ನಿನಗೂ ಈಗ ಮೂವತ್ತಮೂರು.

ಗಾಳಿ ಎಂದು ಬರೆದಿದ್ದೀ. ಆ ಗಾಳಿ ಟೀ ಕುಡಿಯುವವರ ತಲೆಯ ಮೇಲೆ ಸರಳಿನ ಕಟ್ಟನ್ನು ತಂದು ನಿಲ್ಲಿಸಿತು. ತೋಳು ತಿರುಗಿಸುವ ಲಿವರ್ ಎಡಗೈಯದು ಎಂದೂ ಅದೇ ಕಾಗದದಲ್ಲಿ ನೀನೇ ಬರೆದಿದ್ದೀ. ನಾನು ಎರಡು ಸಾಲನ್ನೂ ಮತ್ತೆ ಮತ್ತೆ ಓದಿದೆ. ನೀನು ಹೇಳಬೇಕೆಂದೇ ಹಾಗೆ ಬರೆದೆಯೋ, ನನಗೇ ಹಾಗೆ ಅನ್ನಿಸುತ್ತದೋ ಗೊತ್ತಿಲ್ಲ.

ಪರೀಕ್ಷೆ ಮಾಡಿಸು ಎನ್ನುವುದಿಲ್ಲ. ಆ ಮಾತು ಉಳಿಯಲಿ. ಕ್ರೇನಿನಿಂದ ಮಾತ್ರ ಇಳಿ. ಕೆಳಗೆ ಟೀ ಕುಡಿಯುವವರೂ ಯಾರದೋ ಅಣ್ಣಂದಿರು.

ಬೈದು ಬರೆದರೂ ಸರಿ, ಬರೆ.

ಮೂಗಿ


ಏಪ್ರಿಲ್ ೪

ಅಣ್ಣ,

ನಿನ್ನ ಉತ್ತರವಿಲ್ಲ. ಸೈಟಿನ ಆಫೀಸಿಗೆ ಫೋನ್ ಮಾಡಿದೆ. ಅವರು ವೆಲ್ಡರನ್ನು ಕರೆದು ಕೊಟ್ಟರು. ನೀನು ಚೆನ್ನಾಗಿದ್ದೀಯಂತೆ, ದಿನಾ ಮೇಲೆ ಹತ್ತುತ್ತೀಯಂತೆ. ‘ಯಾಕಮ್ಮ, ಏನಾದ್ರೂ ಆಗಿದೆಯಾ?’ ಎಂದು ವೆಲ್ಡರ್ ಕೇಳಿದರು. ನಾನು ಫೋನನ್ನು ಹಾಗೇ ಇಟ್ಟುಬಿಟ್ಟೆ. ಹೇಳಿದ್ದರೆ ನಿನ್ನ ಕೆಲಸ ಹೋಗುತ್ತಿತ್ತು. ಹೇಳದೆ ಇಟ್ಟ ಮೇಲೆ ಅವತ್ತಿಂದ ದಿನಾ ಬೆಳಿಗ್ಗೆ ಪೇಪರಿನಲ್ಲಿ ಮೊದಲು ನಿಮ್ಮ ಊರಿನ ಸುದ್ದಿ ನೋಡುತ್ತೇನೆ.

ಹಲ್ಲಿನವಳ ಬ್ಯಾಂಡ್ ಇದೇ ಹತ್ತೊಂಬತ್ತಕ್ಕೆ ನೀನಿರುವ ಊರಿಗೆ ಬರುತ್ತಿದೆ. ಟಿಕೆಟ್ ಇಟ್ಟಿದ್ದೇನೆ. ಹೋಗು ಎನ್ನುವುದಿಲ್ಲ.

ಮೂಗಿ


ಏಪ್ರಿಲ್ ೨೬

ಮೂಗೀ,

ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಪೆನ್ನು ಎಲ್ಲೆಲ್ಲಿಗೋ ಹೋಗುತ್ತದೆ. ಹಾರುವುದು ಎಡಗೈ, ಆದರೆ ಅದು ಹಾರಿದಾಗ ಮೈಯೆಲ್ಲ ಅದರ ಹಿಂದೆ ಒಂದು ಹೆಜ್ಜೆ ಹೋಗಿ ಬರುತ್ತದೆ.

ಟಿಕೆಟ್ಟನ್ನು ಹರಿಯಬೇಕೆಂದೇ ಎರಡು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ಹೋದೆ. ಗೋದಾಮಿನಂಥ ಒಂದು ಹಾಲ್, ಬಂದರಿನವರು, ಕಾರ್ಖಾನೆಯವರು, ಹೆಂಡತಿ ಮಕ್ಕಳ ಸಮೇತ. ನಾನು ಗೋಡೆಯ ಪಕ್ಕದ ಸೀಟು ಹಿಡಿದು ಎಡಗೈಯನ್ನು ಜಾಕೆಟ್ಟಿನ ಜೇಬಿಗೆ ತುರುಕಿ ಕೂತೆ.

ನೀನು ಬರೆದದ್ದು ಸುಳ್ಳಲ್ಲ. ಆ ಉಸಿರು ನುಂಗುವುದು ಕೇಳಿ ನನಗೆ ವ್ಯಾನಿನ ಸೀಟಿನ ವಾಸನೆ ಬಂತು. ಎರಡನೇ ಅರ್ಧದಲ್ಲಿ ಅವಳು ರೆಕ್ಕೆ ಎತ್ತಿದಳು, ಜನ ಎತ್ತಿದರು. ಅಲ್ಲಿಯವರೆಗೆ ನನಗೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಹಾಯಾಗಿತ್ತು. ಎಲ್ಲರ ಭುಜವೂ ಹಾರುವಾಗ ನನ್ನದು ಹಾರಿದರೆ ಯಾರು ಕೇಳುತ್ತಾರೆ? ಕೈಯನ್ನು ಜೇಬಿನಿಂದ ತೆಗೆದುಬಿಟ್ಟೆ. ಎಷ್ಟೋ ತಿಂಗಳಿಂದ ಅಷ್ಟು ಆರಾಮವಾಗಿ ಕೂತಿರಲಿಲ್ಲ.

ಆಮೇಲೆ ಅಮ್ಮನ ಆ ನಿಧಾನದ ಹಾಡು ಬಂತು, ನಮ್ಮನ್ನು ಮಲಗಿಸುವಾಗಲೂ ಹೇಳುತ್ತಿದ್ದಳಲ್ಲ, ಅದು. ಅದಕ್ಕೆ ರೆಕ್ಕೆ ಇಲ್ಲ. ಎಲ್ಲರೂ ಕೂತರು. ಒಂದು ಕೆಮ್ಮೂ ಇಲ್ಲ. ಆ ಮೌನದಲ್ಲಿ ನನ್ನ ಭುಜ ತಾನೇ ಎದ್ದಿತು. ಮೊಣಕೈ ಹೋಗಿ ಪಕ್ಕದವನಿಗೆ ತಗುಲಿತು. ಕಾರ್ಖಾನೆಯ ಬಟ್ಟೆಯಲ್ಲೇ ಬಂದಿದ್ದ ಹುಡುಗ, ಮೀಸೆ ಈಗ ಬರುತ್ತಿರುವವನು. ನನ್ನ ಕಡೆ ಬಗ್ಗಿ ಪಿಸುಗುಟ್ಟಿದ:

‘ಸಾರ್, ಈ ಹಾಡಲ್ಲಿ ಅದು ಇಲ್ಲ. ಆದ್ರೂ ಏನ್ ಮಾಡ್ತೀರ ಸಾರ್ ನೀವು. ಅವಳಿಗಿಂತ ಚೆನ್ನಾಗಿದೆ.’

ನನ್ನ ಭುಜ ಮತ್ತೆ ಎದ್ದಿತು.

‘ಯಾರು ಕಲಿಸಿದ್ದು ಸಾರ್?’

‘ನಮ್ಮಮ್ಮ’ ಎಂದೆ.

‘ಓ, ಅವರೂ ಬರ್ತಾರಾ ಶೋಗೆ?’

‘ಬರ್ತಿದ್ರು.’

ಆ ಹುಡುಗ ಹಾಡು ಬಿಟ್ಟು ನನ್ನ ಕೈಯನ್ನೇ ನೋಡುತ್ತ ಕೂತ, ಕಲಿಯುವವನ ಹಾಗೆ. ತನ್ನ ಭುಜವನ್ನೂ ಒಂದೆರಡು ಸಲ ಆಡಿಸಿ ನೋಡಿದ. ಬರಲಿಲ್ಲ.

ಇನ್ನೊಂದು ಮಾತು. ಇದನ್ನು ನೀನು ಗಮನಿಸಿದೆಯೋ ಇಲ್ಲವೋ. ಕೊನೆಯ ಹಾಡು ಮುಗಿದ ಕೂಡಲೇ ಅವಳು ಕೈ ಇಳಿಸಿದಳು. ಅದು ಇಳಿಯಿತು. ಚಪ್ಪಾಳೆ ಬೀಳುತ್ತಿದ್ದಷ್ಟು ಹೊತ್ತೂ ಅವಳ ಪಕ್ಕದಲ್ಲಿ ಒಗೆದು ಹಾಕಿದ ಬಟ್ಟೆಯ ಹಾಗೆ ಸುಮ್ಮನೆ ತೂಗುತ್ತಿತ್ತು. ಭುಜ, ಮೊಣಕೈ, ಬೆರಳು, ಉಸಿರು ಎಲ್ಲವನ್ನೂ ಕಲಿತವಳಿಗೆ ಇಳಿಸಿದರೂ ಇಳಿಯದಿರುವುದೊಂದು ಮಾತ್ರ ಬಂದಿಲ್ಲ. ಹೇಗೆ ಬಂದೀತು? ನನಗೆ ಹೊಟ್ಟೆ ಉರಿಯಿತು ಕಣೇ. ಅಮ್ಮನನ್ನು ನೆನೆದು ಅಳು ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ಹೊಟ್ಟೆಕಿಚ್ಚು.

ಮಾರನೇ ದಿನ ಕ್ರೇನಿನ ಏಣಿಯ ಬುಡದವರೆಗೆ ಹೋದೆ. ನಾಲ್ಕು ಮೆಟ್ಟಿಲು ಹತ್ತಿದೆ, ಇಳಿದೆ. ಸೂಪರ್‌ವೈಸರ್ ತಲೆ ಸುತ್ತುತ್ತಾ ಎಂದು ಕೇಳಿದ. ‘ಇಲ್ಲ ಸಾರ್, ಎಡಗೈ ನಾನು ಹೇಳಿದ ಮಾತು ಕೇಳ್ತಿಲ್ಲ’ ಎಂದೆ. ಅವನು ನಕ್ಕ, ಹೆಂಡತಿ ಮಾತು ಕೇಳಲ್ಲ ಅನ್ನೋರನ್ನ ನೋಡಿದ್ದೀನಿ ಎಂದ. ಆಗ ಅದು ಅವನ ಎದುರಿಗೇ ಹಾರಿತು. ಅವನ ನಗು ಹೋಯಿತು. ನನ್ನ ಮುಖ ನೋಡಿದ, ಆಮೇಲೆ ತಲೆ ಎತ್ತಿ ಮೇಲೆ ಕ್ಯಾಬಿನ್ನನ್ನು ನೋಡಿದ, ಆಮೇಲೆ ಟೀ ಕುಡಿಯುವವರ ಕಡೆ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸರಳಿನ ಕಟ್ಟು ತೂಗಾಡಿದ ದಿನ ಗಾಳಿ ಇರಲಿಲ್ಲ. ಕ್ರೇನಿನ ತುದಿಯ ಬಾವುಟ ಜ್ವರ ಬಂದವರ ಹಾಗೆ ಬಿದ್ದುಕೊಂಡಿತ್ತು.

ಫೋನು ಬೇಡ ಅಂದದ್ದೂ ಸದ್ದಿಗಲ್ಲ. ಸಂಜೆಯ ಹೊತ್ತಿಗೆ ನಾಲಿಗೆ ದಪ್ಪವಾಗುತ್ತದೆ. ಅಮ್ಮನದು ಹೇಗೆ ಶುರುವಾಯಿತೆಂದು ನಿನ್ನ ಕಿವಿಗೆ ಗೊತ್ತು.

ಇನ್ನೆರಡು ವಾರ ಉಗ್ರಾಣದಲ್ಲಿ ಹೆಲ್ಮೆಟ್ ಕೊಡುವ ಕೆಲಸ ಕೊಟ್ಟಿದ್ದಾರೆ. ಆಮೇಲೆ ಬರುವ ಶನಿವಾರ ಹೊರಡಬೇಕು. ಎಲ್ಲಿಗೆ ಅಂತ ವೆಲ್ಡರ್ ಕೇಳಿದ, ತಂಗಿ ಇದ್ದಾಳೆ ಎಂದೆ. ನಿನ್ನನ್ನು ಕೇಳದೆಯೇ ಹೇಳಿಬಿಟ್ಟೆ.

ಒಂದು ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ನೀನು ಅಮ್ಮನ ಎಡಗಡೆ ಕೂತೆ. ಇನ್ನು ನನ್ನ ಎಡಗಡೆ ಕೂರುತ್ತೀ. ನಿನ್ನ ಎಡಗಡೆ ಯಾರು ಕೂರುತ್ತಾರೆ?

ಅಣ್ಣ


ಮೇ ೨

ಪ್ರೀತಿಯ ಅಣ್ಣ,

ನನ್ನ ಎಡಗಡೆ ಯಾರು ಕೂರುತ್ತಾರೆ ಎಂದು ಕೇಳಿದ್ದೀ. ನಾನೂ ಪರೀಕ್ಷೆ ಮಾಡಿಸಿಲ್ಲ. ಈಗ ಮಾಡಿಸುವುದೂ ಇಲ್ಲ. ಗೊತ್ತಾದರೆ ಕೈ ನಡುಗದಿದ್ದರೂ ನಡುಗುತ್ತದೆ. ಸದ್ಯಕ್ಕೆ ನನ್ನ ಕೈ ಗಟ್ಟಿಯಾಗಿದೆ, ಅಷ್ಟು ಸಾಕು.

ಮೊನ್ನೆ ಹಲ್ಲಿನವಳ ಲ್ಯಾಬಿಗೆ ಹೋಗಿ ನಾನು ಯಾರೆಂದು ಹೇಳಿದೆ. ರೆಕ್ಕೆ ಏನೆಂದೂ ಹೇಳಿದೆ. ನಿಂತುಕೊಂಡೇ, ಬಾಯಿಬಿಟ್ಟೇ. ಅವಳು ಗಾರೆ ಕಲಸುತ್ತಿದ್ದವಳು ಕಲಸುವುದನ್ನು ಮರೆತಳು, ಬಟ್ಟಲಿನಲ್ಲಿ ಅದು ಚಮಚದ ಸಮೇತ ಗಟ್ಟಿಯಾಗಿ ಹೋಯಿತು. ‘ಹಾಗಾದ್ರೆ ಬಿಟ್ಬಿಡ್ಲಾ?’ ಎಂದು ಕೇಳಿದಳು. ಅವಳು ಅಷ್ಟು ಸರಿಯಾಗಿ ಮಾಡದೇ ಹೋಗಿದ್ದರೆ, ಆ ಎರಡು ಬೆರಳುಗಳನ್ನು ಹುಡುಕದೇ ಹೋಗಿದ್ದರೆ, ನೀನು ಇವತ್ತೂ ಮೇಲೇ ಇರುತ್ತಿದ್ದೆ. ಅದನ್ನೇ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ನಿಂತಳು. ಮುಂದಿನ ಪ್ರದರ್ಶನದಲ್ಲಿ ಏನು ಮಾಡುತ್ತಾಳೋ ಕೇಳಲಿಲ್ಲ. ಅವಳು ಕೈ ಎತ್ತದಿದ್ದರೂ ಜನ ಎತ್ತುತ್ತಾರೆ.

ಊಟದ ಮೇಜು ಗೋಡೆಗೆ ಒತ್ತಿಕೊಂಡಿತ್ತು. ನಿನ್ನ ಜಾಗದ ಎಡಗಡೆ ಕುರ್ಚಿ ಹಾಕಲು ಆಗುತ್ತಿರಲಿಲ್ಲ. ಮೇಷ್ಟ್ರನ್ನು ಕರೆದುಕೊಂಡು ಬಂದು ಇಬ್ಬರೂ ಸೇರಿ ಕೋಣೆಯ ನಡುವಿಗೆ ಎಳೆದೆವು. ಯಾಕಮ್ಮ ಎಂದರು. ಅಣ್ಣ ಬರುತ್ತಾನೆ ಎಂದೆ. ಗಾಜಿನ ಲೋಟಗಳನ್ನು ಮೇಲಿನ ಕಪಾಟಿಗೆ ಹಾಕಿ ಸ್ಟೀಲಿನವನ್ನು ಕೆಳಗಿಳಿಸಿದ್ದೇನೆ. ಅಮ್ಮನವೇ, ಸೊಟ್ಟಗಾದವು.

ಆ ಶನಿವಾರ ಬಸ್ ನಿಲ್ದಾಣಕ್ಕೆ ಬರುತ್ತೇನೆ. ಇಳಿಯುವಾಗ ಚೀಲವನ್ನು ಬಲಗೈಯಲ್ಲಿ ಹಿಡಿದುಕೋ. ಎಡಗೈ ಖಾಲಿ ಇರಲಿ.

ನಿನ್ನ,
ಮೂಗಿ